ವಯಸ್ಸು, ದೇಹದ ಕಾವಲು ಮತ್ತು ಕ್ಯಾನ್ಸರ್

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಅರ್ಧ ಗಂಟೆ ಕೊಟ್ಟಿದ್ದಾರೆ. "ನೀವು ಕ್ಯಾನ್ಸರ್ ಡಾಕ್ಟರು, ಊರಿನವರಿಗೆ ಉಪಯೋಗ ಆಗುವಂಥದ್ದು ಏನಾದರೂ ಹೇಳಿ" ಎಂದರು. ಇದು ಐವತ್ತು ವರ್ಷದ ಹಬ್ಬ. ಶಾಲೆ ಶುರುವಾದ ವರ್ಷ ಎಂಟನೇ ತರಗತಿಗೆ ಸೇರಿದವರಿಗೆ ಆಗ 13 ವರ್ಷ, ಈಗ 63ರ ಆಸುಪಾಸು. ಅವರಲ್ಲಿ ಅನೇಕರು ಇವತ್ತು ಇಲ್ಲಿ ಮೊಮ್ಮಕ್ಕಳ ಕೈ ಹಿಡಿದು ಬಂದಿದ್ದಾರೆ. ಆ ಮೊಮ್ಮಕ್ಕಳಿಗೆ ಈಗ 13. ಈ 13ಕ್ಕೂ 63ಕ್ಕೂ ನಡುವೆ ನಮ್ಮ ಮೈಯೊಳಗಿನ ಕಾವಲು ಹೇಗೆ ಬದಲಾಗುತ್ತದೆ, ವಯಸ್ಸಾದ ಮೇಲೆ ಕ್ಯಾನ್ಸರ್ ಹೆಚ್ಚಾಗಿ ಬರುವುದಕ್ಕೂ ಅದಕ್ಕೂ ಏನು ಸಂಬಂಧ ಎಂಬುದೇ ನನ್ನ ಇವತ್ತಿನ ವಿಷಯ.

ಮೊದಲಿಗೆ ಒಂದು ಮಾತು. ಕ್ಯಾನ್ಸರ್ ಹೊರಗಿನಿಂದ ಬರುವ ಶತ್ರು ಅಲ್ಲ. ಅದು ನಮ್ಮದೇ ಜೀವಕೋಶ ದಾರಿ ತಪ್ಪಿ ಬೆಳೆಯುವುದು. ವಯಸ್ಕರ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಹಳೆಯವು ಸಾಯುತ್ತವೆ, ಹೊಸವು ಹುಟ್ಟುತ್ತವೆ. ಒಂದು ಕೋಶ ಎರಡಾಗುವಾಗ ಅದರೊಳಗಿನ ಡಿಎನ್‌ಎ ಪೂರ್ತಿಯಾಗಿ ನಕಲಾಗಬೇಕು. ದಿನವಿಡೀ ಕಾಪಿ ಬರೆಯುವ ಹುಡುಗನ ಕೈಯಲ್ಲಿ ಅಲ್ಲೊಂದು ಒತ್ತಕ್ಷರ, ಇಲ್ಲೊಂದು ದೀರ್ಘ ಬಿಟ್ಟುಹೋಗುವ ಹಾಗೆ ಈ ನಕಲಿನಲ್ಲೂ ತಪ್ಪುಗಳಾಗುತ್ತವೆ. ಬಹುಪಾಲು ತಪ್ಪುಗಳನ್ನು ಕೋಶವೇ ತಿದ್ದಿಕೊಳ್ಳುತ್ತದೆ. ತಿದ್ದದೆ ಉಳಿದವು ಜಮೆಯಾಗುತ್ತಾ ಹೋಗುತ್ತವೆ. ಹೊಗೆಸೊಪ್ಪು, ಬೀಡಿ, ಸಿಗರೇಟು, ಅಡಿಕೆ, ಹೆಂಡ ಇವು ಆ ತಪ್ಪುಗಳನ್ನು ಹೆಚ್ಚಿಸುತ್ತವೆ. ಬೆಳವಣಿಗೆಯನ್ನು ಹಿಡಿತದಲ್ಲಿಡುವ ಜಾಗಗಳಲ್ಲೇ ಹಲವು ತಪ್ಪುಗಳು ಸೇರಿಕೊಂಡಾಗ ಆ ಕೋಶ ಯಾರ ಮಾತೂ ಕೇಳದೆ ಬೆಳೆಯತೊಡಗುತ್ತದೆ.

ಹಾಗಾದರೆ ವಯಸ್ಸಾದಂತೆ ತಪ್ಪುಗಳು ಹೆಚ್ಚುತ್ತವೆ, ಅದಕ್ಕೇ ಕ್ಯಾನ್ಸರ್ ಹೆಚ್ಚುತ್ತದೆ ಎಂದು ಹೇಳಿ ಮುಗಿಸಬಹುದಲ್ಲ? ಬಹಳ ಕಾಲ ಹಾಗೇ ಹೇಳುತ್ತಿದ್ದರು. ಅದು ನಿಜ, ಆದರೆ ಅರ್ಧ ನಿಜ. ಹೊಲದಲ್ಲಿ ಕಳೆ ಹೆಚ್ಚಾಯಿತೆಂದರೆ ಕಳೆಬೀಜ ಜಾಸ್ತಿ ಬಿತ್ತೇ ಎಂದು ಮಾತ್ರ ಕೇಳಿದರೆ ಸಾಲದು. ಕಳೆ ಕೀಳುವವರು ಎಲ್ಲಿ ಹೋದರು ಎಂದೂ ಕೇಳಬೇಕು.

ನಮ್ಮ ದೇಹದಲ್ಲಿ ಈ ಕಳೆ ಕೀಳುವ ಆಳುಗಳು ಇದ್ದಾರೆಂಬ ಊಹೆ ಹಳೆಯದು. ನ್ಯೂಯಾರ್ಕಿನಲ್ಲಿ ವಿಲಿಯಂ ಕೋಲಿ ಎಂಬ ಶಸ್ತ್ರವೈದ್ಯರಿದ್ದರು. ಒಬ್ಬ ರೋಗಿಗೆ ಚರ್ಮದಲ್ಲಿ ತೀವ್ರವಾದ ಬ್ಯಾಕ್ಟೀರಿಯಾ ಸೋಂಕು ತಗುಲಿದ ಮೇಲೆ ಅವನ ಕುತ್ತಿಗೆಯ ಕ್ಯಾನ್ಸರ್ ಗೆಡ್ಡೆ ಕರಗಿಹೋದದ್ದು ಹಳೆಯ ದಾಖಲೆಯಲ್ಲಿ ಅವರ ಕಣ್ಣಿಗೆ ಬಿತ್ತು. 1891ರಲ್ಲಿ ಅವರು ಬ್ಯಾಕ್ಟೀರಿಯಾವನ್ನೇ ಕ್ಯಾನ್ಸರ್ ಗೆಡ್ಡೆಗೆ ಚುಚ್ಚಿ ನೋಡಿದರು. ಕೆಲವರಿಗೆ ಗುಣ ಕಂಡಿತು, ಕೆಲವರಿಗೆ ಅಪಾಯವಾಯಿತು. ಯಾಕೆ ಹೀಗೆ ಎಂದು ವಿವರಿಸಲು ಆಗ ಯಾರಿಗೂ ಆಗಲಿಲ್ಲ. 1950ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಮ್ಯಾಕ್‌ಫಾರ್ಲೇನ್ ಬರ್ನೆಟ್ ಮತ್ತು ಅಮೆರಿಕದ ಲೂಯಿಸ್ ಥಾಮಸ್ ಒಂದು ವಿಚಾರ ಮುಂದಿಟ್ಟರು. ನಮ್ಮ ರೋಗನಿರೋಧಕ ವ್ಯವಸ್ಥೆ ಸೋಂಕಿನ ಮೇಲಷ್ಟೇ ಅಲ್ಲ, ದಾರಿತಪ್ಪಿದ ನಮ್ಮದೇ ಕೋಶಗಳ ಮೇಲೂ ಕಣ್ಣಿಟ್ಟಿರುತ್ತದೆ ಎಂದರು. ಅನೇಕ ವಿಜ್ಞಾನಿಗಳು ದಶಕಗಳ ಕಾಲ ಇದನ್ನು ಒಪ್ಪಲಿಲ್ಲ. 2001ರಲ್ಲಿ ಅಮೆರಿಕದ ರಾಬರ್ಟ್ ಶ್ರೈಬರ್ ಮತ್ತು ಸಂಗಡಿಗರು ರೋಗನಿರೋಧಕ ಕೋಶಗಳೇ ಇಲ್ಲದ ಇಲಿಗಳಲ್ಲಿ ಕ್ಯಾನ್ಸರ್ ಹೆಚ್ಚಾಗಿ ಬರುವುದನ್ನು ತೋರಿಸಿದ ಮೇಲೆ ವಾದ ಒಂದು ದಡಕ್ಕೆ ಬಂತು.

ಮನುಷ್ಯರಲ್ಲೂ ಇದಕ್ಕೆ ಸಾಕ್ಷಿ ಇದೆ. ಕಿಡ್ನಿ ಕಸಿ ಮಾಡಿಸಿಕೊಂಡವರು, ದೇಹವು ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯನ್ನು ಸೇವಿಸುತ್ತಿರಬೇಕಾಗುತ್ತದೆ. ಅಂಗಾಂಗ ಕಸಿ ಮಾಡಿಸಿಕೊಂಡವರಲ್ಲಿ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಕಾವಲು ಸಡಿಲಿಸಿದರೆ ಕಳ್ಳ ಒಳಗೆ ಬರುತ್ತಾನೆ, ಅಷ್ಟೇ.

ಈ ಕಾವಲಿನಲ್ಲಿ ಮುಖ್ಯ ಆಳುಗಳೆಂದರೆ ಟಿ ಕೋಶಗಳು. ಇವು ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ. ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ತನ್ನ ಮೈಮೇಲೆ ಹೊರಗಿಟ್ಟು ತೋರಿಸುತ್ತಿರುತ್ತದೆ. ಒಳಗೆ ಏನು ಅಡುಗೆಯಾಗುತ್ತಿದೆ ಎಂದು ಬಾಗಿಲಲ್ಲೇ ಇಟ್ಟು ತೋರಿಸಿದ ಹಾಗೆ. ಟಿ ಕೋಶ ಬಾಗಿಲಿಂದ ಬಾಗಿಲಿಗೆ ಹೋಗಿ ಮುಟ್ಟಿ ನೋಡುತ್ತದೆ. ಚೂರು ನಮ್ಮದೇ ಆದರೆ ಮುಂದಕ್ಕೆ ಹೋಗುತ್ತದೆ. ವೈರಸ್ಸಿನ ಚೂರು ಕಂಡರೆ, ಅಥವಾ ಡಿಎನ್‌ಎ ತಪ್ಪಿನಿಂದ ಹುಟ್ಟಿದ ವಿಚಿತ್ರ ಚೂರು ಕಂಡರೆ ಆ ಕೋಶವನ್ನು ಅಲ್ಲೇ ಕೊಲ್ಲುತ್ತದೆ. ಆದರೆ ಒಂದು ಟಿ ಕೋಶ ಒಂದು ಬಗೆಯ ಚೂರನ್ನು ಮಾತ್ರ ಚೆನ್ನಾಗಿ ಗುರುತಿಸಬಲ್ಲದು. ಬೀಗ ಎಷ್ಟು ಬಗೆಯೋ ಅಷ್ಟು ಬಗೆಯ ಬೀಗದಕೈ ಬೇಕು. ಆದ್ದರಿಂದ ದೇಹ ಕೋಟ್ಯಂತರ ಬಗೆಯ ಟಿ ಕೋಶಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ಇವು ತಯಾರಾಗುವುದು ಎಲ್ಲಿ? ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಕಲಿಯುವುದು ಎದೆಮೂಳೆಯ ಹಿಂದೆ, ಹೃದಯದ ಮೇಲ್ಗಡೆ ಇರುವ ಥೈಮಸ್ ಎಂಬ ಗ್ರಂಥಿಯಲ್ಲಿ. ಟಿ ಎಂಬ ಹೆಸರು ಬಂದದ್ದೂ ಥೈಮಸ್ಸಿನಿಂದಲೇ. 1961ರವರೆಗೆ ಈ ಗ್ರಂಥಿ ಕೆಲಸಕ್ಕೆ ಬಾರದ್ದು ಎಂದೇ ವೈದ್ಯರು ನಂಬಿದ್ದರು. ಆ ವರ್ಷ ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಜಾಕ್ ಮಿಲ್ಲರ್ ಎಂಬ ಯುವ ವಿಜ್ಞಾನಿ, ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಆ ಮರಿಗಳು ಸೊರಗಿ ಸೋಂಕಿಗೆ ತುತ್ತಾದವು. ಬೇರೆ ಇಲಿಯ ಚರ್ಮವನ್ನು ಕಸಿ ಮಾಡಿದರೂ ಅದನ್ನು ತಿರಸ್ಕರಿಸುವ ಶಕ್ತಿ ಅವಕ್ಕಿರಲಿಲ್ಲ. ಕೆಲಸಕ್ಕೆ ಬಾರದ್ದು ಎಂದುಕೊಂಡಿದ್ದ ಗ್ರಂಥಿ ಇಡೀ ಕಾವಲಿನ ಪಾಠಶಾಲೆ ಎಂದು ಗೊತ್ತಾಯಿತು.

ಪಾಠಶಾಲೆ ಎಂದು ಸುಮ್ಮನೆ ಹೇಳಲಿಲ್ಲ. ಅಲ್ಲಿ ಎರಡು ಪರೀಕ್ಷೆಗಳಿವೆ. ಮೊದಲನೆಯದು, ನಮ್ಮ ಕೋಶಗಳು ಮೈಮೇಲೆ ಚೂರುಗಳನ್ನು ಇಟ್ಟು ತೋರಿಸುವ ತಟ್ಟೆಯನ್ನು ಗುರುತಿಸಲು ಬರುತ್ತದೆಯೇ ಎಂಬುದು. ಎರಡನೆಯದು, ನಮ್ಮವರ ಮೇಲೆಯೇ ಕೈ ಮಾಡುವ ಸ್ವಭಾವ ಇದೆಯೇ ಎಂಬುದು. ಮೊದಲನೆಯದರಲ್ಲಿ ದಡ್ಡರು, ಎರಡನೆಯದರಲ್ಲಿ ಪುಂಡರು ಫೇಲಾಗುತ್ತಾರೆ. ಫೇಲಾದ ಕೋಶಕ್ಕೆ ಮರುಪರೀಕ್ಷೆ ಇಲ್ಲ, ಅಲ್ಲೇ ಸಾಯುತ್ತದೆ. ಸೇರಿದ ನೂರರಲ್ಲಿ ಹೊರಗೆ ಬರುವುದು ಬೆರಳೆಣಿಕೆಯಷ್ಟು ಮಾತ್ರ. ಇಷ್ಟು ಬಿಗಿಯಾದ ಪರೀಕ್ಷೆ ಇಲ್ಲದಿದ್ದರೆ ಕಾವಲುಗಾರನೇ ಮನೆ ಸುಡುತ್ತಿದ್ದ.

ಈಗ ವಿಷಯದ ಹೃದಯಕ್ಕೆ ಬರುತ್ತೇನೆ. ಈ ಪಾಠಶಾಲೆ ಭರ್ತಿಯಾಗಿ ನಡೆಯುವುದು ಬಾಲ್ಯದಲ್ಲಿ. ಆಮೇಲೆ ಗ್ರಂಥಿ ಕುಗ್ಗುತ್ತಾ ಬರುತ್ತದೆ, ಅದರ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಸುಮಾರು 16 ವರ್ಷಕ್ಕೊಮ್ಮೆ ಹೊಸ ಟಿ ಕೋಶಗಳ ಉತ್ಪತ್ತಿ ಅರ್ಧಕ್ಕೆ ಇಳಿಯುತ್ತದೆ ಎಂಬುದು ಒಂದು ಲೆಕ್ಕ. ಮಕ್ಕಳೇ, ನೀವೇ ಲೆಕ್ಕ ಹಾಕಿ. 13ರಿಂದ 63ಕ್ಕೆ 50 ವರ್ಷ. ಮೂರು ಸಲ ಅರ್ಧ ಮಾಡಿದರೆ ಎಂಟರಲ್ಲಿ ಒಂದು ಪಾಲು. ಅಂದರೆ ಶಾಲೆಯ ಮೊದಲ ತಂಡದವರ ಎದೆಯೊಳಗಿನ ಪಾಠಶಾಲೆಗೆ ಅಂದು ಎಂಬತ್ತು ಮಕ್ಕಳು ಬರುತ್ತಿದ್ದರೆ ಇಂದು ಬರುವುದು ಹತ್ತು.

2018ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದವರೂ ಸೇರಿದ್ದ ಒಂದು ತಂಡ 18ರಿಂದ 70 ವರ್ಷದವರ ಸುಮಾರು 20 ಲಕ್ಷ ಕ್ಯಾನ್ಸರ್ ಪ್ರಕರಣಗಳ ಅಂಕಿಅಂಶವನ್ನು ಮುಂದಿಟ್ಟುಕೊಂಡು ಗಣಿತ ಮಾಡಿತು. ವಯಸ್ಸಿನ ಜೊತೆ ಕ್ಯಾನ್ಸರ್ ಏರುವ ರೀತಿ, ಥೈಮಸ್ ಇಳಿಯುವ ರೀತಿಗೆ ಚೆನ್ನಾಗಿ ಹೊಂದುತ್ತದೆ ಎಂದು ಅವರು ತೋರಿಸಿದರು. ಇದು ಗಣಿತದ ಮಾದರಿ, ಕೊನೆಯ ತೀರ್ಪಲ್ಲ. ಆದರೆ ತಪ್ಪುಗಳ ಜಮೆ ಒಂದೇ ಕಾರಣ ಎಂಬ ಮಾತನ್ನು ಅದು ಅಲುಗಾಡಿಸಿತು.

ಇನ್ನೂ ನೇರವಾದ ಸಾಕ್ಷಿ 2023ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಬಂತು. ಥೈಮಸ್ ಹೃದಯದ ದಾರಿಗೆ ಅಡ್ಡ ಇರುವುದರಿಂದ ಎದೆಯ ಶಸ್ತ್ರಚಿಕಿತ್ಸೆ ಮಾಡುವಾಗ ಕೆಲವೊಮ್ಮೆ ಅದನ್ನು ತೆಗೆದುಹಾಕುತ್ತಾರೆ. ದೊಡ್ಡವರಲ್ಲಿ ಅದು ಹೇಗೂ ಕುಗ್ಗಿದೆ, ಹೋದರೇನು ಎಂಬ ಭಾವನೆ ಇತ್ತು. ಹೀಗೆ ಥೈಮಸ್ ತೆಗೆಸಿಕೊಂಡ ವಯಸ್ಕರನ್ನು, ಅಂಥದೇ ಶಸ್ತ್ರಚಿಕಿತ್ಸೆಯಾಗಿಯೂ ಥೈಮಸ್ ಉಳಿಸಿಕೊಂಡವರ ಜೊತೆ ಹೋಲಿಸಿದರು. ಐದು ವರ್ಷದಲ್ಲಿ ಥೈಮಸ್ ಇಲ್ಲದವರಲ್ಲಿ 100ಕ್ಕೆ 7.4 ಜನರಿಗೆ ಕ್ಯಾನ್ಸರ್ ಬಂದಿತ್ತು, ಇದ್ದವರಲ್ಲಿ 3.7 ಜನರಿಗೆ. ಸತ್ತವರು ಒಂದು ಕಡೆ 100ಕ್ಕೆ 8.1, ಇನ್ನೊಂದು ಕಡೆ 2.8. ಕುಗ್ಗಿದ ಪಾಠಶಾಲೆಯಾದರೂ ಕೊನೆಯವರೆಗೂ ಅದು ನಮಗೆ ದುಡಿಯುತ್ತಲೇ ಇರುತ್ತದೆ ಎಂಬುದು ಇದರಿಂದ ಕಾಣುತ್ತದೆ.

ಹೊಸಬರು ಕಡಿಮೆಯಾಗುವುದು ಒಂದು ಬದಲಾವಣೆ. ಹಳಬರ ಸ್ಥಿತಿಯೂ ಬದಲಾಗುತ್ತದೆ. ವಯಸ್ಸಾದವರ ರಕ್ತದಲ್ಲಿ ಹಳೆಯ ಸೋಂಕುಗಳ ನೆನಪು ಹೊತ್ತ ಟಿ ಕೋಶಗಳೇ ಹೆಚ್ಚು. ಹಳೆಯ ಶತ್ರು ಬಂದರೆ ಅವು ಎದ್ದು ನಿಲ್ಲುತ್ತವೆ. ಹೊಸ ಮುಖ ಕಂಡರೆ ಗುರುತು ಸಿಗುವುದಿಲ್ಲ. ಕ್ಯಾನ್ಸರ್ ಯಾವಾಗಲೂ ಹೊಸ ಮುಖವೇ. ಇನ್ನು ಕೆಲವು ಟಿ ಕೋಶಗಳು ಒಂದೇ ಶತ್ರುವಿನ ಜೊತೆ ವರ್ಷಗಟ್ಟಲೆ ಕಾದಾಡಿ ದಣಿದಿರುತ್ತವೆ. ಎದುರಿಗೆ ಕಳ್ಳ ನಿಂತಿದ್ದರೂ ಕೈ ಎತ್ತುವುದಿಲ್ಲ.

ಇದನ್ನು ನೀವು ನಿಮ್ಮ ಮನೆಗಳಲ್ಲೇ ನೋಡಿದ್ದೀರಿ. ಚಿಕ್ಕವರಿಗೆ ಬರುವ ಚಿಕನ್‌ಪಾಕ್ಸ್, "ಅಮ್ಮ ಆಗಿದೆ" ಎನ್ನುತ್ತೇವಲ್ಲ, ಅದರ ವೈರಸ್ ವಾಸಿಯಾದ ಮೇಲೂ ದೇಹ ಬಿಟ್ಟು ಹೋಗುವುದಿಲ್ಲ. ನರದ ಬುಡದಲ್ಲಿ ಮಲಗಿರುತ್ತದೆ. ಟಿ ಕೋಶಗಳು ಐವತ್ತು ಅರವತ್ತು ವರ್ಷ ಅದನ್ನು ಅಲ್ಲೇ ಅದುಮಿಟ್ಟಿರುತ್ತವೆ. ಕಾವಲು ಸಡಿಲವಾದಾಗ ಅದು ನರ ಹಿಡಿದುಕೊಂಡು ಚರ್ಮಕ್ಕೆ ಬರುತ್ತದೆ. ಅದೇ ಸರ್ಪಸುತ್ತು. ಹಾವಿನ ಶಾಪವೂ ಅಲ್ಲ, ಮತ್ತೊಂದೂ ಅಲ್ಲ. ಸರ್ಪಸುತ್ತು ಆದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದು ದಯವಿಟ್ಟು ತಿಳಿಯಬೇಡಿ. ವಯಸ್ಸಿನ ಜೊತೆ ಕಾವಲು ತೆಳುವಾಗುತ್ತದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಗುರುತು ಅದು ಎಂದಷ್ಟೇ ಹೇಳುತ್ತಿದ್ದೇನೆ.

ಮೂರನೆಯ ಬದಲಾವಣೆ ಉರಿಯೂತ. ಕಾಲಿಗೆ ಮುಳ್ಳು ಚುಚ್ಚಿದರೆ ಅಲ್ಲಿ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ, ಆಮೇಲೆ ಇಳಿಯುತ್ತದೆ. ಅದು ಒಳ್ಳೆಯ ಉರಿಯೂತ. ವಯಸ್ಸಾದಂತೆ ಮೈತುಂಬ ಸಣ್ಣಗೆ, ಆರದ ಬೂದಿಕೆಂಡದ ಹಾಗೆ ಒಂದು ಉರಿಯೂತ ನಿಂತುಬಿಡುತ್ತದೆ. ಇಟಲಿಯ ಕ್ಲಾಡಿಯೋ ಫ್ರಾಂಚೆಸ್ಕಿ 2000ದಲ್ಲಿ ಇದಕ್ಕೆ ಒಂದು ಹೆಸರನ್ನೇ ಕೊಟ್ಟರು. ಇದಕ್ಕೆ ಒಂದು ಕಾರಣ ಮುದಿ ಕೋಶಗಳು. ಮನುಷ್ಯನ ಸಾಮಾನ್ಯ ಕೋಶವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಅದು ಲೆಕ್ಕವಿಲ್ಲದಷ್ಟು ಸಲ ಎರಡಾಗಲಾರದು, ಸುಮಾರು 40ರಿಂದ 60 ಸಲ ಆದಮೇಲೆ ನಿಲ್ಲುತ್ತದೆ ಎಂದು ಲೆನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದ್ದರು. ದೇಹದೊಳಗೂ ಹೀಗೆ ನಿಂತುಹೋದ ಕೋಶಗಳಲ್ಲಿ ಕೆಲವು ಸಾಯದೆ ಕುಳಿತು ಸುತ್ತಲೂ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತಿರುತ್ತವೆ. ಆ ನೆಲ ಕ್ಯಾನ್ಸರಿಗೆ ಹದವಾದ ನೆಲ. ಯಾವಾಗಲೂ ಗದ್ದಲ ಇರುವ ಸಂತೆಯಲ್ಲಿ ಕಳ್ಳನನ್ನು ಹಿಡಿಯುವುದು ಕಷ್ಟವಾಗುವ ಹಾಗೆ ಕಾವಲಿಗೂ ಅಲ್ಲಿ ಕೆಲಸ ಕಷ್ಟ.

ಇಷ್ಟು ಕೇಳಿದ ಮೇಲೆ ಹಿರಿಯರಿಗೆ ಬೇಸರ ಬರಬಹುದು. ಎಲ್ಲಾ ಮುಗಿಯಿತು ಎನ್ನುತ್ತಾನೆ ಇವನು ಎನಿಸಬಹುದು. ಇಲ್ಲ. ನಾನು ಇವತ್ತು ಇಲ್ಲಿಗೆ ಬಂದದ್ದು ಮುಂದಿನ ಮಾತು ಹೇಳುವುದಕ್ಕೆ.

ಹೊರರೋಗಿ ವಿಭಾಗದಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತೊಂದಿದೆ. ಅಪ್ಪನನ್ನೋ ಅವ್ವನನ್ನೋ ಹೊರಗೆ ಬೆಂಚಿನ ಮೇಲೆ ಕೂರಿಸಿ ಮಗ ಒಳಗೆ ಬರುತ್ತಾನೆ. ದನಿ ತಗ್ಗಿಸಿ ಹೇಳುತ್ತಾನೆ: "ಸಾರ್, ಅವ್ವಂಗೆ ಎಪ್ಪತ್ತೆರಡು ಆಯ್ತು. ಈ ವಯಸ್ಸಲ್ಲಿ ಯಾಕೆ ಸಾರ್ ತೊಂದ್ರೆ ಕೊಡೋದು? ಇರೋಷ್ಟು ದಿನ ಮನೇಲೇ ಇರ್ಲಿ." ಇದು ಪ್ರೀತಿಯಿಂದ ಬಂದ ಮಾತು. ಖರ್ಚಿನ ಭಯವೂ ಅದರಲ್ಲಿದೆ, ಅದೂ ನ್ಯಾಯವೇ. ಆದರೆ ಆ ಮಾತಿನ ಒಳಗೆ ಒಂದು ತೀರ್ಮಾನ ಇದೆ. ವಯಸ್ಸಾದ ದೇಹ ಕ್ಯಾನ್ಸರಿನ ಎದುರು ಏನೂ ಮಾಡಲಾರದು ಎಂಬ ತೀರ್ಮಾನ. ವಿಜ್ಞಾನ ಅದನ್ನು ಒಪ್ಪುವುದಿಲ್ಲ.

ಯಾಕೆ ಎಂದು ಹೇಳುತ್ತೇನೆ. ಟಿ ಕೋಶಗಳಿಗೆ ಬ್ರೇಕ್ ಇದೆ. ಕಾವಲುಗಾರ ಅತಿ ಮಾಡದಿರಲಿ ಎಂದು ದೇಹವೇ ಇಟ್ಟಿರುವ ಬ್ರೇಕ್. ಅಮೆರಿಕದ ಜೇಮ್ಸ್ ಆಲಿಸನ್ ಅಂಥ ಒಂದು ಬ್ರೇಕಿನ ಮೇಲೆ, ಜಪಾನಿನ ಕ್ಯೋಟೋದ ತಸುಕು ಹೊಂಜೊ ಇನ್ನೊಂದರ ಮೇಲೆ ಕೆಲಸ ಮಾಡಿದರು. ಕ್ಯಾನ್ಸರ್ ಕೋಶ ಬಹಳ ಜಾಣ. ಆ ಬ್ರೇಕನ್ನು ತಾನೇ ಒತ್ತಿ ಹಿಡಿದು ಟಿ ಕೋಶವನ್ನು ನಿಲ್ಲಿಸಿಬಿಡುತ್ತದೆ. ಬ್ರೇಕಿನ ಮೇಲಿಂದ ಆ ಕಾಲನ್ನು ತೆಗೆಸುವ ಔಷಧಿ ಕೊಟ್ಟರೆ ಟಿ ಕೋಶ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಈ ಔಷಧಿಗಳು 2011ರಿಂದ ಬಳಕೆಗೆ ಬಂದವು. 2018ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ವಯಸ್ಸಾದವರಲ್ಲಿ ಇದು ಕೆಲಸ ಮಾಡೀತೇ? ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರ ವಿಷಯ ಲೋಕಕ್ಕೇ ಗೊತ್ತು. 2015ರ ಆಗಸ್ಟ್‌ನಲ್ಲಿ, 90ನೇ ವಯಸ್ಸಿನಲ್ಲಿ, ಮೆಲನೋಮ ಎಂಬ ಕ್ಯಾನ್ಸರ್ ತಮ್ಮ ಪಿತ್ತಜನಕಾಂಗಕ್ಕೂ ಮೆದುಳಿಗೂ ಹರಡಿದೆ ಎಂದು ಅವರೇ ತಿಳಿಸಿದರು. ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಯ ಜೊತೆಗೆ ಈ ಬ್ರೇಕ್ ಬಿಡಿಸುವ ಔಷಧಿಯನ್ನೂ ಕೊಟ್ಟರು. ಅದೇ ವರ್ಷ ಡಿಸೆಂಬರಿನಲ್ಲಿ ಮಾಡಿದ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಅವರು ತೀರಿಕೊಂಡದ್ದು 2024ರ ಡಿಸೆಂಬರ್ 29ರಂದು, 100 ವರ್ಷ ತುಂಬಿದ ಮೇಲೆ. ಒಬ್ಬರ ಕಥೆ ಎಲ್ಲರ ಕಥೆಯಾಗುವುದಿಲ್ಲ, ಅವರಿಗೆ ಸಿಕ್ಕ ಸೌಲಭ್ಯವೂ ಎಲ್ಲರಿಗೂ ಸಿಗುವುದಿಲ್ಲ. ಆದರೆ ದೊಡ್ಡ ಪರೀಕ್ಷೆಗಳಲ್ಲೂ 65 ದಾಟಿದವರಿಗೆ ಈ ಔಷಧಿಯಿಂದ ಆಗುವ ಪ್ರಯೋಜನ ಕಿರಿಯರಿಗೆ ಆಗುವುದಕ್ಕೆ ಹೆಚ್ಚುಕಡಿಮೆ ಸಮನಾಗಿಯೇ ಕಂಡಿದೆ. ಪಾಠಶಾಲೆಯಲ್ಲಿ ಹತ್ತೇ ಮಕ್ಕಳಿದ್ದರೂ ಆ ಹತ್ತರಲ್ಲಿ ಒಬ್ಬನಿಗೆ ಬೇಕಾದ ಬೀಗದಕೈ ಸಿಕ್ಕಿದ್ದರೆ ಸಾಕು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಈ ಔಷಧಿ ಎಲ್ಲ ಕ್ಯಾನ್ಸರಿಗೂ, ಎಲ್ಲ ರೋಗಿಗೂ ಕೆಲಸ ಮಾಡುವುದಿಲ್ಲ. ಬ್ರೇಕ್ ಬಿಟ್ಟ ಕಾವಲುಗಾರ ಕೆಲವೊಮ್ಮೆ ಶ್ವಾಸಕೋಶ, ಕರುಳು, ಥೈರಾಯ್ಡ್ ಮುಂತಾದ ನಮ್ಮದೇ ಅಂಗಗಳ ಮೇಲೆ ಬೀಳುತ್ತಾನೆ. ದುರ್ಬಲರಾದ ಹಿರಿಯರಿಗೆ ಆ ಪೆಟ್ಟು ತಡೆದುಕೊಳ್ಳುವುದು ಕಷ್ಟ. ಬೆಲೆಯೂ ಬಹಳ ಹೆಚ್ಚು, ಲಕ್ಷಗಳಲ್ಲಿ. ಈ ಬೆಲೆಯ ವಿಷಯದಲ್ಲಿ ನಮ್ಮ ದೇಶದವರೇ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಬಾಯಿ, ಗಂಟಲಿನ ಮುಂದುವರಿದ ಕ್ಯಾನ್ಸರ್ ಇದ್ದವರಿಗೆ ಸಾಮಾನ್ಯ ಪ್ರಮಾಣದ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಔಷಧಿಯನ್ನು, ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ ಒಂದು ವರ್ಷ ದಾಟಿ ಬದುಕಿದವರು 100ಕ್ಕೆ 16. ಜೊತೆಗೆ ಈ ಸಣ್ಣ ಪ್ರಮಾಣದ ಔಷಧಿಯನ್ನೂ ಪಡೆದವರಲ್ಲಿ 43. ಹೊಗೆಸೊಪ್ಪು ಅಗಿಯುವ ನಮ್ಮ ನಾಡಿಗೆ ಇದು ದೊಡ್ಡ ಮಾತು.

ಹಾಗಾಗಿ ನಾವು ವೈದ್ಯರು ಹಿರಿಯರ ಚಿಕಿತ್ಸೆ ನಿರ್ಧರಿಸುವಾಗ ಆಧಾರ್ ಕಾರ್ಡಿನ ವರ್ಷವನ್ನು ಮಾತ್ರ ನೋಡಬಾರದು. ತಾವೇ ಎದ್ದು ಓಡಾಡುತ್ತಾರೆಯೇ, ಊಟ ಸೇರುತ್ತದೆಯೇ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದೆಯೇ, ನೆನಪು ಹೇಗಿದೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಇವನ್ನೆಲ್ಲ ನೋಡಬೇಕು. 75ರಲ್ಲೂ ತೋಟಕ್ಕೆ ಹೋಗಿ ನೀರು ಕಟ್ಟುವವರಿದ್ದಾರೆ, 58ಕ್ಕೇ ಹಾಸಿಗೆ ಹಿಡಿದವರಿದ್ದಾರೆ. ಎಲ್ಲಕ್ಕಿಂತ ಮೊದಲು, ಹೊರಗೆ ಬೆಂಚಿನ ಮೇಲೆ ಕುಳಿತ ಆ ತಾಯಿಯನ್ನೇ ಕೇಳಬೇಕು. "ಬೇಡಪ್ಪ, ಸಾಕು" ಎಂದು ಆಕೆ ತಿಳಿದು ಹೇಳಿದರೆ ಅದಕ್ಕೂ ಗೌರವ ಕೊಡಬೇಕು. ಆಗ ನೋವು ಕಡಿಮೆ ಮಾಡುವುದೇ ಚಿಕಿತ್ಸೆ. ಆದರೆ ಆಕೆಯನ್ನು ಕೇಳದೆ ವಯಸ್ಸಿನ ಹೆಸರಿನಲ್ಲಿ ನಾವು ಬಾಗಿಲು ಹಾಕಬಾರದು.

ಈಗ ಮುಂದಿನ ಸಾಲಿನ ಮಕ್ಕಳಿಗೆ ಬರುತ್ತೇನೆ, ಅವರ ತಂದೆತಾಯಿಗಳೂ ಕೇಳಿ. ಹಿರಿಯರಲ್ಲಿ ಕಾವಲು ತೆಳುವಾಗುತ್ತದೆ ಎಂದರೆ ನಿಮ್ಮ ವಯಸ್ಸಿನಲ್ಲಿ ಅದು ದಟ್ಟವಾಗಿದೆ ಎಂದು ಅರ್ಥ. ಗರ್ಭಕಂಠದ ಕ್ಯಾನ್ಸರ್, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್, ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುತ್ತದೆ. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಇದಕ್ಕೆ ಲಸಿಕೆ ಇದೆ, ನಮ್ಮ ಪುಣೆಯಲ್ಲೂ ತಯಾರಾಗುತ್ತದೆ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 15 ವರ್ಷ ತುಂಬುವ ಮೊದಲು ಶುರುಮಾಡಿದವರಿಗೆ ಎರಡು ಡೋಸ್ ಸಾಕು, ಆಮೇಲೆ ಶುರುಮಾಡಿದವರಿಗೆ ಮೂರು ಬೇಕು ಎಂದಿತು. ಚಿಕ್ಕ ದೇಹ ಅಷ್ಟು ಚೆನ್ನಾಗಿ ಪಾಠ ಕಲಿಯುತ್ತದೆ. ಸ್ವೀಡನ್ನಿನಲ್ಲಿ ಸುಮಾರು 17 ಲಕ್ಷ ಹೆಣ್ಣುಮಕ್ಕಳ ದಾಖಲೆ ನೋಡಿದಾಗ, 17 ವರ್ಷಕ್ಕೆ ಮೊದಲು ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ ಶೇ. 88ರಷ್ಟು ಕಡಿಮೆ ಇತ್ತು. 17ರಿಂದ 30ರ ನಡುವೆ ಪಡೆದವರಲ್ಲಿ ಶೇ. 53ರಷ್ಟು ಕಡಿಮೆ ಇತ್ತು. ವೈರಸ್ ತಗುಲುವ ಮೊದಲೇ ಲಸಿಕೆ ಸಿಕ್ಕಿದ್ದು ಇದಕ್ಕೆ ಮುಖ್ಯ ಕಾರಣ. ಎಳೆಯ ದೇಹದ ಕಲಿಯುವ ಶಕ್ತಿಯೂ ಅದಕ್ಕೆ ಜೊತೆ ಕೊಡುತ್ತದೆ. ಹೆಣ್ಣುಮಕ್ಕಳ ತಂದೆತಾಯಿಗಳು ಇದರ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಸಂಕೋಚವಿಲ್ಲದೆ ಕೇಳಿ.

ನಡುವಯಸ್ಸಿನವರಿಗೂ ಒಂದು ಮಾತು. ಇಂಗ್ಲೆಂಡಿನಲ್ಲಿ 55ರಿಂದ 79 ವರ್ಷದ, ಜೀವನವಿಡೀ ಸೈಕಲ್ ತುಳಿದ 125 ಜನರನ್ನು ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಅವರ ಥೈಮಸ್ಸಿನಿಂದ ಹೊರಬರುತ್ತಿದ್ದ ಹೊಸ ಟಿ ಕೋಶಗಳು ಯುವಕರಲ್ಲಿದ್ದಷ್ಟೇ ಇದ್ದವು. ನಮ್ಮ ಹಿಂದಿನವರು ಹೊಲಕ್ಕೂ ಸಂತೆಗೂ ನಡೆದೇ ಹೋಗುತ್ತಿದ್ದರು. ಈಗ ಅಂಗಡಿಗೆ ಹಾಲು ತರಲೂ ಬೈಕ್ ಬೇಕು. ನಡೆಯಿರಿ, ಮೈ ಬಗ್ಗಿಸಿ ಕೆಲಸ ಮಾಡಿ. ಹೊಗೆಸೊಪ್ಪು, ಗುಟ್ಕಾ, ಬೀಡಿ ಬಿಡಿ. ಅವು ಡಿಎನ್‌ಎ ತಪ್ಪನ್ನೂ ಹೆಚ್ಚಿಸುತ್ತವೆ, ಉರಿಯೂತವನ್ನೂ ಹೆಚ್ಚಿಸುತ್ತವೆ. ಎರಡೂ ಕಡೆಯಿಂದ ಪೆಟ್ಟು.

ಕೊನೆಯದಾಗಿ, ಮನೆಗೆ ಹೋಗುವಾಗ ನೆನಪಿಟ್ಟುಕೊಳ್ಳಬೇಕಾದ್ದು. ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ. ಎದೆಯಲ್ಲಿ ಗಂಟು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಳ್ಳುವುದು. ಮಲದಲ್ಲಿ, ಮೂತ್ರದಲ್ಲಿ ರಕ್ತ. ಮುದ್ದೆ ನುಂಗುವಾಗ ಅಡ್ಡವಾಗುವುದು. ವಾರಗಟ್ಟಲೆ ಬದಲಾದ ದನಿ. ಕಾರಣವಿಲ್ಲದೆ ಇಳಿಯುವ ತೂಕ. ಇವು ಯಾವುವೂ "ವಯಸ್ಸಾಯ್ತಲ್ಲ, ಅದಕ್ಕೆ" ಎಂದು ಬಿಡುವ ವಿಷಯಗಳಲ್ಲ. ವಯಸ್ಸಾಗಿದೆ ಎಂಬುದೇ ಬೇಗ ತೋರಿಸಲು ಇನ್ನೊಂದು ಕಾರಣ. ಯಾಕೆಂದರೆ ಕಾವಲು ತೆಳುವಾದ ಹೊಲದಲ್ಲಿ ಕಳೆಯನ್ನು ಚಿಕ್ಕದಿರುವಾಗಲೇ ಕೀಳಬೇಕು. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕಿದ್ವಾಯಿ ಆಸ್ಪತ್ರೆ ಇದೆ. ಯಾರಿಗಾದರೂ ದಾರಿ ತಿಳಿಯದಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇವತ್ತು ಊಟದ ನಂತರ ನನ್ನನ್ನೂ ಕೇಳಿ, ಸಂಜೆಯವರೆಗೆ ಇಲ್ಲೇ ಇರುತ್ತೇನೆ.

ಈ ಶಾಲೆಗೆ ಐವತ್ತು ತುಂಬಿತು. ಇದು ನೂರು ತುಂಬುವಾಗ ಮುಂದಿನ ಸಾಲಿನ ಈ ಮಕ್ಕಳಿಗೆ 63 ಆಗಿರುತ್ತದೆ. ಅವತ್ತು ಅವರೆಲ್ಲ ಗಟ್ಟಿಯಾಗಿ, ತಮ್ಮ ಕಾಲ ಮೇಲೆ ನಡೆದು ಈ ಅಂಗಳಕ್ಕೆ ಬರಲಿ ಎಂದು ಹಾರೈಸುತ್ತೇನೆ.